ಹಬ್ಶಿಗಳ ಗೋರಿ, ಸಿದ್ದಿಗಳ ಹಿರಿಯರು

ವಿಜಯಪುರದ ಜುಮ್ಮಾ ಮಸೀದಿಯೊಳಗೆ ಕಾಲಿಟ್ಟರೆ ಕಣ್ಣಿಗೆ ಬೀಳುವುದು ಬಿಳಿ ಗೋಡೆ, ಬಿಳಿ ಕಮಾನುಗಳ ಸಾಲು. ಪಶ್ಚಿಮದ ಗೋಡೆಯ ನಡುವೆ, ಮಿಹ್ರಾಬ್ ಇರುವಲ್ಲಿ ಮಾತ್ರ ಚಿನ್ನದ ಮೆರುಗು. ಅಲ್ಲಿ ಗೋಡೆಯ ಮೇಲೆ ಗೂಡುಗಳನ್ನು ಬರೆದಿದ್ದಾರೆ. ಗೂಡುಗಳಲ್ಲಿ ಪೇರಿಸಿಟ್ಟ ಪುಸ್ತಕಗಳು, ಹೂದಾನಿಗಳು. ತೀರ ಹತ್ತಿರ ಹೋಗುವವರೆಗೂ ಅವು ಬರಿಯ ಚಿತ್ರವೆಂದು ಗೊತ್ತಾಗುವುದಿಲ್ಲ. ಜೊತೆಗೊಂದು ಬರಹವೂ ಇದೆ. ಈ ಅಲಂಕಾರವೆಲ್ಲ ಸುಲ್ತಾನ್ ಮುಹಮ್ಮದ್ ಆದಿಲ್ ಶಾಹನ ಅಪ್ಪಣೆಯಂತೆ ಆಯಿತು, ಮಾಡಿಸಿದವನು ಯಾಕೂತ್ ದಾಬೂಲಿ, ಅವನು ಮಸೀದಿಯ ಸೇವಕ, ಸುಲ್ತಾನನ ಗುಲಾಮ ಎಂಬುದು ಅದರ ಸಾರ. ಕಾಲ ಹಿಜರಿ 1045, ಅಂದರೆ ಕ್ರಿ.ಶ. 1636.

ಅದೇ ಊರಿನಲ್ಲಿ ಯಾಕೂತನ ಗೋರಿಯೂ ಇದೆ. ಚಿಕ್ಕ ಚೌಕದ ಕಟ್ಟಡ, ಸುತ್ತ ಕಲ್ಲಿನ ಜಾಲಂಧ್ರ. ಬಿಜಾಪುರದ (ಇಂದಿನ ವಿಜಯಪುರದ) ರೂಢಿಯಲ್ಲಿ ಗೋರಿ ದೊಡ್ಡದು, ಅದರ ಮಗ್ಗುಲಿನ ಮಸೀದಿ ಸಣ್ಣದು. ಇಲ್ಲಿ ಮಾತ್ರ ಮಸೀದಿಯೇ ದೊಡ್ಡದು. ಯಾಕೂತನನ್ನು ಹಬ್ಶಿ, ಎಂದರೆ ಆಫ್ರಿಕಾ ಮೂಲದವನು ಎಂದು ಇತಿಹಾಸಕಾರರು ಗುರುತಿಸುತ್ತಾರೆ.

ಕರ್ನಾಟಕದಲ್ಲಿ ಆಫ್ರಿಕಾದವರು ಎಂದೊಡನೆ ನಮಗೆ ನೆನಪಾಗುವುದು ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿಗಳು. ಆದರೆ ಆಫ್ರಿಕಾದವರ ಹೆಸರು ಹೊತ್ತ ಹಳೆಯ ಗೋರಿಗಳು ಇರುವುದು ವಿಜಯಪುರದಲ್ಲಿ. ಜನ ಒಂದು ಕಡೆ, ಗೋರಿ ಇನ್ನೊಂದು ಕಡೆ. ಇವೆರಡೂ ಒಂದೇ ವಂಶದ ಎರಡು ತುದಿಗಳೆಂದು ಭಾವಿಸುವುದು ಸುಲಭ. ಇತಿಹಾಸ ಅಷ್ಟು ನೇರವಾಗಿಲ್ಲ.

15 ಮತ್ತು 16ನೆಯ ಶತಮಾನದಲ್ಲಿ ಇಥಿಯೋಪಿಯಾದ ಎತ್ತರದ ನಾಡಿನಲ್ಲಿ ಯುದ್ಧ, ದಾಳಿಗಳಲ್ಲಿ ಸೆರೆಸಿಕ್ಕ ಮಕ್ಕಳನ್ನು ಕೆಂಪು ಸಮುದ್ರದ ಬಂದರುಗಳಿಗೆ ಸಾಗಿಸುತ್ತಿದ್ದರು. ಅಲ್ಲಿಂದ ಏಡನ್, ಮೋಖಾ, ಬಾಗ್ದಾದ್, ಕೊನೆಗೆ ದಖ್ಖನ್. ಇಲ್ಲಿನ ಹತ್ತಿಬಟ್ಟೆ ಅತ್ತ ಹೋದರೆ ಅತ್ತಲಿನ ಆಳು ಇತ್ತ ಬರುತ್ತಿದ್ದ. ಕೊಂಕಣದ ದಾಭೋಳ್ ಆಗ ಬಿಜಾಪುರದ ದೊಡ್ಡ ಬಂದರು. ಯಾಕೂತನ ಹೆಸರಿಗೆ ಅಂಟಿಕೊಂಡಿರುವುದು ಅದೇ ಊರು. ಕೊಂಡವರು ಈ ಹುಡುಗರ ಹುಟ್ಟು ಹೆಸರನ್ನು ತೆಗೆದುಹಾಕಿ ರತ್ನದ್ದೋ ಸುಗಂಧದ್ದೋ ಹೆಸರಿಡುತ್ತಿದ್ದರು: ಯಾಕೂತ್, ಅಂಬರ್, ಸಂದಲ್, ರಿಹಾನ್. ವಿಜಯಪುರದ ಗೋರಿಗಳಿಗೆ ಇಂದಿಗೂ ಉಳಿದಿರುವುದು ಆ ಹೆಸರುಗಳೇ. ತಾಯಿ ಕರೆದ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಒಬ್ಬನ ಹುಟ್ಟು ಹೆಸರು ಮಾತ್ರ ದಾಖಲೆಯಲ್ಲಿ ಉಳಿದಿದೆ. ಸುಮಾರು 1548ರಲ್ಲಿ ಹುಟ್ಟಿದ ಚಾಪು ಎಂಬ ಹುಡುಗನನ್ನು ಮೋಖಾದಲ್ಲಿ ಮಾರಿದರು. ಬಾಗ್ದಾದಿನ ಒಡೆಯ ಅವನಿಗೆ ಓದು ಕಲಿಸಿ ಅಂಬರ್ ಎಂದು ಹೆಸರಿಟ್ಟ. ಮುಂದೆ ಅವನನ್ನು ಕೊಂಡವನು ಅಹಮದ್‌ನಗರದ ಪೇಶ್ವೆ ಚಂಗೀಜ್ ಖಾನ್. ಆ ಪೇಶ್ವೆಯೂ ಒಂದು ಕಾಲಕ್ಕೆ ಗುಲಾಮನಾಗಿ ಬಂದ ಹಬ್ಶಿಯೇ. ಪೇಶ್ವೆ ಸತ್ತಾಗ ಅವನ ಹೆಂಡತಿ ಅಂಬರನನ್ನು ಬಿಡುಗಡೆ ಮಾಡಿದಳು. ಬಿಡುಗಡೆಯಾದವನು ಹಲವು ವರ್ಷ ಬಿಜಾಪುರದ ಚಾಕರಿ ಮಾಡಿದ. ‘ಮಲಿಕ್’ ಎಂಬ ಬಿರುದು ಸಿಕ್ಕಿದ್ದು ಇಲ್ಲಿಯೇ. 1595ರ ಸುಮಾರಿಗೆ ಅಹಮದ್‌ನಗರಕ್ಕೆ ಮರಳಿ ಆ ರಾಜ್ಯದ ಬೆನ್ನೆಲುಬಾಗಿ ನಿಂತ, ಮೊಗಲರನ್ನು ಕಾಲು ಶತಮಾನ ತಡೆದ. 1624ರಲ್ಲಿ ಭಾತವಡಿಯಲ್ಲಿ ಮೊಗಲ್ ಮತ್ತು ಬಿಜಾಪುರದ ಜಂಟಿ ಸೈನ್ಯವನ್ನು ಸೋಲಿಸಿ, ಇಬ್ರಾಹಿಂ ಆದಿಲ್ ಶಾ ಆಸೆಪಟ್ಟು ಕಟ್ಟಿಸಿದ್ದ ನವರಸಪುರವನ್ನು ಕೊಳ್ಳೆ ಹೊಡೆದ. ಅನ್ನ ಕೊಟ್ಟ ಊರಿನ ಮೇಲೆಯೇ ಏರಿಬಂದವನು. 1626ರಲ್ಲಿ ತೀರಿಕೊಂಡ ಅವನ ಗೋರಿ ಮಹಾರಾಷ್ಟ್ರದ ಖುಲ್ದಾಬಾದಿನಲ್ಲಿದೆ.

ಗುಲಾಮನೊಬ್ಬ ಹೀಗೆ ಸೇನಾಪತಿಯೋ ದಿವಾನನೋ ಆಗುವುದು ಹೇಗೆ? ಉತ್ತರವಿರುವುದು ದಖ್ಖನಿನ ಒಳಜಗಳದಲ್ಲಿ. ಸುಲ್ತಾನರ ಆಸ್ಥಾನಗಳಲ್ಲಿ ಎರಡು ಬಣ: ಇರಾನಿನ ಕಡೆಯಿಂದ ಬಂದ ಪರದೇಶಿಗಳು ಒಂದು, ಇಲ್ಲೇ ಬೇರುಬಿಟ್ಟ ದಖ್ಖನಿಗಳು ಇನ್ನೊಂದು. ಇಬ್ಬರಿಗೂ ನೆಂಟರು, ಜಾಗೀರು, ಹಳೆಯ ಹಗೆಗಳು. ಹಬ್ಶಿಗೆ ಇದ್ಯಾವುದೂ ಇರಲಿಲ್ಲ. ಹಿಂದೆ ಮುಂದೆ ಯಾರೂ ಇಲ್ಲದವನು ಕೊಂಡ ಒಡೆಯನನ್ನೇ ನೆಚ್ಚಿರುತ್ತಾನೆ ಎಂಬುದು ಲೆಕ್ಕಾಚಾರ. ಅದಕ್ಕೇ ಅವನ ಕೈಗೆ ಕತ್ತಿ, ಕೋಟೆಯ ಬೀಗದ ಕೈ ಎರಡೂ ಬಂದವು. ಒಡೆಯ ಸತ್ತರೆ ಅವನು ಸ್ವತಂತ್ರನಾಗುವುದು ವಾಡಿಕೆ. ನಂತರ ಸ್ವಂತ ದಂಡು ಕಟ್ಟಬಹುದು, ಮದುವೆಯಾಗಬಹುದು. ಹಬ್ಶಿಗಳು ದಖ್ಖನಿ ಬಣದ ಪಕ್ಕ ನಿಂತರು.

ಈ ಲೆಕ್ಕಾಚಾರ ಎಲ್ಲಿಗೆ ಮುಟ್ಟಿತೆಂಬುದನ್ನು 1580ರ ನಂತರದ ಹತ್ತು ವರ್ಷ ತೋರಿಸುತ್ತವೆ. ಆ ವರ್ಷ ಬಿಜಾಪುರದ ಸುಲ್ತಾನ ಮೊದಲನೆಯ ಅಲಿ ಆದಿಲ್ ಶಾ ಕೊಲೆಯಾದ. ಪಟ್ಟಕ್ಕೆ ಬಂದವನು ಅವನ ತಮ್ಮನ ಮಗ ಇಬ್ರಾಹಿಂ, ವಯಸ್ಸು ಒಂಬತ್ತು. ಅಲಿಯ ವಿಧವೆ ಚಾಂದ್ ಬೀಬಿ ಹುಡುಗನ ಪರವಾಗಿ ರಾಜ್ಯ ನೋಡಿಕೊಳ್ಳುತ್ತಿದ್ದಳು. ಮಂತ್ರಿ ಕಿಶ್ವರ್ ಖಾನ್ ಆಕೆಯನ್ನೇ ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟಾಗ ಎದುರು ಬಿದ್ದವರು ಮೂವರು ಹಬ್ಶಿ ಸರದಾರರು: ಇಖ್ಲಾಸ್ ಖಾನ್, ಹಮೀದ್ ಖಾನ್, ದಿಲಾವರ್ ಖಾನ್. ಕಿಶ್ವರ್ ಖಾನ್ ಓಡಿಹೋದ, ಚಾಂದ್ ಬೀಬಿ ಮರಳಿದಳು. ಆದರೆ ಮೂವರ ಒಗ್ಗಟ್ಟು ಹೆಚ್ಚು ದಿನ ಬಾಳಲಿಲ್ಲ. ದಿಲಾವರ್ ಖಾನ್ ತನ್ನ ಗೆಳೆಯ ಇಖ್ಲಾಸನ ಕಣ್ಣು ಕೀಳಿಸಿ, 1582ರಿಂದ 1590ರವರೆಗೆ ಬಿಜಾಪುರವನ್ನು ತಾನೇ ಆಳಿದ. ಹುಡುಗ ಸುಲ್ತಾನ ದೊಡ್ಡವನಾಗಿ ತಿರುಗಿಬಿದ್ದಾಗ ಅಹಮದ್‌ನಗರಕ್ಕೆ ಓಡಿದ. ಮುಂದೆ ಮತ್ತೆ ಇಬ್ರಾಹಿಮನ ಕೈಗೆ ಸಿಕ್ಕ. ಇಖ್ಲಾಸನಿಗೆ ತಾನು ಮಾಡಿಸಿದ್ದು ಅವನಿಗೂ ಆಯಿತು: ಕಣ್ಣು ಹೋಯಿತು. ಚಾಂದ್ ಬೀಬಿಯನ್ನು ಇಟ್ಟಿದ್ದ ಸಾತಾರೆಯ ಕೋಟೆಯಲ್ಲಿಯೇ ಸೆರೆಯಾದ.

ಅಧಿಕಾರದ ಕಥೆ ಇಷ್ಟು ರಕ್ತಸಿಕ್ತವಾಗಿದ್ದರೂ ಬಿಜಾಪುರದ ಚೆಲುವಿಗೂ ಇದೇ ಜನ ದುಡಿದರು. ಇದೇ ಇಬ್ರಾಹಿಮನ ಸಮಾಧಿಯಾದ ಇಬ್ರಾಹಿಂ ರೋಜಾದ ಬರಹದಲ್ಲಿ ಆ ಕಟ್ಟಡವನ್ನು ಶ್ರಮವಹಿಸಿ ಮುಗಿಸಿದವನೆಂದು ಮಲಿಕ್ ಸಂದಲ್ ಎಂಬವನ ಹೆಸರಿದೆ. ಖರ್ಚಿನ ಲೆಕ್ಕವನ್ನೂ ಕೆತ್ತಿದ್ದಾರೆ: ಒಂದೂವರೆ ಲಕ್ಷ ಹೊನ್ನಿಗೂ ಮೇಲೆ. ಸಂದಲನೂ ಹಬ್ಶಿ ಎಂಬುದು ವಿದ್ವಾಂಸರ ಅಭಿಪ್ರಾಯ. ಅಷ್ಟು ದೊಡ್ಡ ರೋಜಾ ಕಟ್ಟಿಸಿದವನ ಹೆಸರಿನ ಸಮಾಧಿ ಅಂಗಳಕ್ಕೆ ಹೋದರೆ ಗುಮ್ಮಟ ಕಾಣದು. ಬಿಜಾಪುರದಲ್ಲಿ ಗೋರಿಯ ಮೇಲ್ಮೈ ನೋಡಿಯೇ ಗಂಡಸಿನದೋ ಹೆಂಗಸಿನದೋ ಹೇಳಬಹುದು: ಗಂಡಸಿನ ಗೋರಿಯ ಬೆನ್ನ ಮೇಲೆ ಉದ್ದಕ್ಕೆ ದಿಂಡು ಎದ್ದಿರುತ್ತದೆ, ಹೆಂಗಸಿನದು ಮಟ್ಟಸ. ಸಂದಲನ ಅಂಗಳದಲ್ಲಿ ಕಲ್ಲಿನ ಛತ್ರಿಯ ನೆರಳು ಸಿಕ್ಕಿರುವುದು ಹೆಂಗಸಿನ ಗೋರಿಗೆ. ಸಂದಲ್ ಬಯಲಿನಲ್ಲೇ ಮಲಗಿದ್ದಾನೆ ಎನ್ನುತ್ತಾರೆ.

ಮುಹಮ್ಮದ್ ಆದಿಲ್ ಶಾಹನ ಕಾಲಕ್ಕೆ (1627–1656) ಇನ್ನೊಬ್ಬ ಇಖ್ಲಾಸ್ ಖಾನ್ ಬಂದ. ಮೊದಲ ಹೆಸರು ಮಲಿಕ್ ರಿಹಾನ್. ಗುಲಾಮನಾಗಿ ಬಂದು ವಜೀರನಾದವನು. ಹೈದರ್ ಅಲಿ, ಇಬ್ರಾಹಿಂ ಖಾನ್ ಎಂಬ ಇಬ್ಬರು ಕಲಾವಿದರು 1645ರ ಸುಮಾರಿಗೆ ಬರೆದ ಚಿತ್ರವೊಂದರಲ್ಲಿ ಸುಲ್ತಾನನ ಆನೆಯ ಮೇಲೆ ಹಿಂದೆ ಕುಳಿತವನು ಇವನೇ. ಮೈಬಣ್ಣ ಕಡುಗಪ್ಪು, ಉಡುಪು ರಾಜಗಾಂಭೀರ್ಯದ್ದು. ಗೋಳಗುಮ್ಮಟ ಮೇಲೇಳುತ್ತಿದ್ದ ದಿನಗಳಲ್ಲಿ ರಾಜ್ಯದ ಆಡಳಿತ ಇವನ ಕೈಯಲ್ಲಿತ್ತು. ಇವನ ಹೆಸರಿನ ಮಸೀದಿ, ಗೋರಿ ಎರಡೂ ವಿಜಯಪುರದಲ್ಲಿವೆ. ಗೋಳಗುಮ್ಮಟ ನೋಡಿ ಬಸ್ಸು ಹತ್ತುವ ಸಾವಿರಾರು ಪ್ರವಾಸಿಗರಲ್ಲಿ ಅತ್ತ ಹೋಗುವವರು ಬೆರಳೆಣಿಕೆ.

ಈ ಕಥೆ ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಗೆ ದೂರದ್ದೆಂದು ತಿಳಿಯಬೇಕಿಲ್ಲ. 1636ರಲ್ಲಿ ಷಹಜಹಾನನ ಜೊತೆ ಒಪ್ಪಂದವಾಗಿ ಉತ್ತರದ ಕಾಟ ತಪ್ಪಿದ ಮೇಲೆ ಬಿಜಾಪುರದ ಸೈನ್ಯ ದಕ್ಷಿಣಕ್ಕೆ ತಿರುಗಿತು. ರಣದುಲ್ಲಾ ಖಾನನ ದಂಡು ಇಕ್ಕೇರಿಯ ಮೇಲೆ ಬಂತು, ಬಸವಾಪಟ್ಟಣ ಬಿತ್ತು, 1638ರಲ್ಲಿ ಕೆಂಪೇಗೌಡರ ಬೆಂಗಳೂರೂ ಹೋಯಿತು. ಬಸವಾಪಟ್ಟಣದ ನಾಯಕರು ನೆಲೆ ಕಳೆದುಕೊಂಡು ಕೊನೆಗೆ ತರೀಕೆರೆಯ ಪಾಳೆಯಗಾರರಾದದ್ದು ಈ ಏಟಿನ ಫಲ. ನಮ್ಮ ಸೀಮೆಯ ಅಂತರಘಟ್ಟೆಯಿಂದ ಹೊಸದುರ್ಗ, ಹಿರಿಯೂರು ದಾಟಿ ಶಿರಾಕ್ಕೆ ಹೋದರೆ ಅಲ್ಲಿ 1651ರ ಒಂದು ದರ್ಗಾ ಇದೆ: ಶಿರಾದಲ್ಲಿ ಬಿಜಾಪುರದ ಸುಬೇದಾರನಾಗಿದ್ದ ಮಲಿಕ್ ರಿಹಾನನದು. ಇವನು ಮೇಲೆ ಹೇಳಿದ ವಜೀರನಲ್ಲ, ಬೇರೆಯವನು. ಆದರೆ ಹೆಸರು ಹಬ್ಶಿ ಸರದಾರರಲ್ಲಿ ಬಳಕೆಯಲ್ಲಿದ್ದ ಹೆಸರೇ. ಶಿರಾವನ್ನು ಕೇಂದ್ರವಾಗಿಟ್ಟುಕೊಂಡ ಪ್ರಾಂತ್ಯದಲ್ಲಿ ನಮ್ಮ ಮಗ್ಗುಲಿನ ಬೂದಿಹಾಳು, ಬಸವಾಪಟ್ಟಣ ಎರಡೂ ಪರಗಣೆಗಳಾಗಿದ್ದವು.

ಆ ದಂಡುಗಳಲ್ಲಿ ಸರದಾರರಷ್ಟೇ ಇರಲಿಲ್ಲ. ಹೆಸರಿಲ್ಲದ ಸಾವಿರಾರು ಹಬ್ಶಿ ಸಿಪಾಯಿಗಳಿದ್ದರು. ನಮ್ಮ ಸೀಮೆಯ ಊರುಗಳಲ್ಲಿ ದನ ಕಾಯಲು ಹೋಗಿ ಸತ್ತವನಿಗೂ ವೀರಗಲ್ಲಿದೆ, ಗಂಡನ ಹಿಂದೆ ಹೋದವಳಿಗೂ ಮಾಸ್ತಿಗಲ್ಲಿದೆ. ಮಂಡ್ಯ ಸೀಮೆಯ ಆತಕೂರಿನಲ್ಲಂತೂ ಕ್ರಿ.ಶ. 949–50ರಲ್ಲಿ ಕಾಡುಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಗೂ ಶಾಸನ ಹಾಕಿಸಿದರು. ಅಷ್ಟು ಉದಾರವಾಗಿ ಸಾವನ್ನು ಕಲ್ಲಿಗಿಳಿಸಿದ ನಾಡು, ಕಡಲಾಚೆಯಿಂದ ಹಿಡಿದು ತಂದ ಸಿಪಾಯಿಯ ಹೆಸರನ್ನು ಎಲ್ಲಿಯೂ ಬರೆದಿಡಲಿಲ್ಲ. ಬಾಳಿದ್ದು ಸರದಾರರ ಗೋರಿಗಳಷ್ಟೇ.

ಕೊನೆಯ ದೊಡ್ಡ ಹೆಸರುಗಳೂ ಹಾಗೆಯೇ ಉಳಿದವು. 1660ರಲ್ಲಿ ಪನ್ಹಾಳಗಡದಲ್ಲಿ ಶಿವಾಜಿಯನ್ನು ಮುತ್ತಿದ ಸಿದ್ದಿ ಜೌಹರ್ ಕರ್ನೂಲಿನ ಹಬ್ಶಿ ಸರದಾರ. 1678ರಿಂದ 1683ರವರೆಗೆ ಬಿಜಾಪುರದ ರಾಜ್ಯಭಾರ ನಡೆಸಿದ ಸಿದ್ದಿ ಮಸೂದನ ಜಾಗೀರು ಆದವಾನಿ. ಅಲ್ಲಿನ ಜುಮ್ಮಾ ಮಸೀದಿ ಅವನು ಕಟ್ಟಿಸಿದ್ದು. ಮೊಗಲರ ಫಿರಂಗಿ ಆ ಮಸೀದಿಗೆ ಗುರಿಯಿಟ್ಟಿದ್ದನ್ನು ಕಂಡು ಮನಸ್ಸು ತಾಳದೆ ಕೋಟೆ ಒಪ್ಪಿಸಿದನೆಂಬ ಐತಿಹ್ಯವಿದೆ. ಅಷ್ಟರಲ್ಲಿ, 1686ರ ಸೆಪ್ಟೆಂಬರಿನಲ್ಲಿ, ಬಿಜಾಪುರವೇ ಔರಂಗಜೇಬನ ಪಾಲಾಗಿತ್ತು.

ಹಾಗಾದರೆ ಇವರ ಮಕ್ಕಳು ಎಲ್ಲಿ ಹೋದರು? ಎಲ್ಲಿಯೂ ಹೋಗಲಿಲ್ಲ. ದಖ್ಖನಿನ ಗುಲಾಮಗಿರಿಗೂ ಅಮೆರಿಕದ ಗುಲಾಮಗಿರಿಗೂ ಇದ್ದ ದೊಡ್ಡ ವ್ಯತ್ಯಾಸ ಇದು. ಅಮೆರಿಕದಲ್ಲಿ ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿದ ಕೂಸೂ ಗುಲಾಮ, ಮೈಬಣ್ಣವೇ ಬೇಡಿ. ಇಲ್ಲಿ ಬಂದವರು ಹೆಚ್ಚಾಗಿ ಗಂಡಸರು. ಅವರು ಇಲ್ಲಿನ ಹೆಣ್ಣುಗಳನ್ನು ಮದುವೆಯಾದರು, ಮಕ್ಕಳು ದಖ್ಖನಿ ಮಾತಾಡುತ್ತ ಬೆಳೆದರು. ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ‘ಹಬ್ಶಿ’ ಎಂದು ಬೇರೆಯಾಗಿ ಗುರುತಿಸುವುದಕ್ಕೆ ಏನೂ ಉಳಿದಿರಲಿಲ್ಲ. ರಾಜ್ಯ ಮುಳುಗಿದ ಮೇಲೆ ಹೊಸ ಹಬ್ಶಿಗಳನ್ನು ಕೊಳ್ಳುವ ದೊರೆಯೂ ಇಲ್ಲವಾದ. ಹೀಗೆ ಗೋರಿಗಳು ನಿಂತವು, ವಾರಸುದಾರರು ಊರಿನಲ್ಲಿ ಕರಗಿಹೋದರು.

ಉತ್ತರ ಕನ್ನಡದ ಸಿದ್ದಿಗಳ ಹಾದಿ ಬೇರೆ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಮೊಜಾಂಬಿಕ್ ಕಡೆಯಿಂದ ಆಳುಗಳನ್ನು ಹಡಗಿನಲ್ಲಿ ತಂದು ಮನೆಗೆಲಸಕ್ಕೆ, ಮೈಗಾವಲಿಗೆ, ಪಲ್ಲಕ್ಕಿ ಹೊರುವುದಕ್ಕೆ ಇಟ್ಟುಕೊಂಡರು. ಹಿಂಸೆ ತಾಳದೆ ಓಡಿದವರಿಗೆ ಘಟ್ಟದ ಕಾಡು ಹತ್ತಿರವಿತ್ತು. ಹಳಿಯಾಳ, ಯಲ್ಲಾಪುರ, ಜೋಯಿಡಾ, ಮುಂಡಗೋಡ, ಅಂಕೋಲೆಯ ಕಾಡು, ಅತ್ತ ಧಾರವಾಡದ ಕಲಘಟಗಿ, ಬೆಳಗಾವಿಯ ಖಾನಾಪುರ — ಇವೆಲ್ಲ ಅವರ ನೆಲೆಯಾದವು. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಸೇರಿ 2011ರಲ್ಲಿ ಪ್ರಕಟಿಸಿದ ವಂಶವಾಹಿ ಅಧ್ಯಯನ ಕರ್ನಾಟಕದ ಮತ್ತು ಗುಜರಾತಿನ ಸಿದ್ದಿಗಳಲ್ಲಿ ಆಫ್ರಿಕಾದ ಬಂಟು ಜನರ ಗುರುತುಗಳನ್ನು ಕಂಡಿತು. ಬಿಜಾಪುರದ ಹಬ್ಶಿಗಳು ಮುಖ್ಯವಾಗಿ ಇಥಿಯೋಪಿಯಾದವರು. ಬಂಟು ನಾಡು ಅದರಾಚೆ. ಅಲ್ಲೊಬ್ಬ ಇಲ್ಲೊಬ್ಬ ಬಿಜಾಪುರದ ಸಿಪಾಯಿ ಈ ಕಾಡು ಸೇರಿರಬಹುದು. ಆದರೆ ಸಿದ್ದಿಗಳನ್ನು ಇಖ್ಲಾಸ್ ಖಾನನ ವಂಶಸ್ಥರೆಂದು ಹೊಗಳುವ ಭಾಷಣಗಳು ಅವರ ನಿಜವಾದ ಕಥೆಯನ್ನು ಮರೆಸುತ್ತವೆ. ಅವರ ಹಿರಿಯರು ಯಾರ ವಜೀರರೂ ಆಗಿರಲಿಲ್ಲ. ಬೇಡಿ ಹರಿದುಕೊಂಡು ಓಡಿಬಂದವರು, ಮುಂದೆ ಅಡಿಕೆ ತೋಟಗಳಲ್ಲಿ ಕೂಲಿಯಾದವರು.

ಓಡಿಬಂದವರು ಕಲ್ಲು ನೆಡಿಸುವುದಿಲ್ಲ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಸತ್ತವರನ್ನು ಕಳಿಸಿಕೊಡುವ ರೀತಿ ಆಯಾ ಧರ್ಮದ್ದು. ಆದರೆ ಮೂರಕ್ಕೂ ಅಡಿಯಲ್ಲಿ ಹರಿಯುವುದು ‘ಹಿರಿಯರು’. ಹಿಂದೂ ಸಿದ್ದಿಗಳ ಮನೆಯಲ್ಲಿ ಹಿರಿಯರೆಂದು ತೆಂಗಿನಕಾಯಿ ಇಟ್ಟು ಪೂಜಿಸುತ್ತಾರೆ, ನವರಾತ್ರಿಯಲ್ಲಿ ವಿಶೇಷವಾಗಿ ನೆನೆಯುತ್ತಾರೆ. ಕಾಡಿನ ನಡುವಿನ ಸಾತುಂಬೈಲಿನ ಸಿದ್ದಿನಾಸ ಅವರೆಲ್ಲರ ಮೂಲಪುರುಷ. ಅಲ್ಲಿಗೆ ಬರುವಾಗ ಧರ್ಮ ಅಡ್ಡ ಬರುವುದಿಲ್ಲ. ಢಮಾಮಿ ಬಾರಿಸಿ ಕುಣಿಯುವಾಗ ಹಳೆಯ ಲಯ ಎದ್ದು ಬರುತ್ತದೆ. ಬಿಜಾಪುರದ ಹಬ್ಶಿಗಳಿಗೆ ಗೋರಿ ಉಳಿದು ನೆನೆಯುವವರು ಇಲ್ಲವಾದರು. ಇವರಿಗೆ ಗೋರಿಯಿಲ್ಲ, ನೆನೆಯುವ ಮನೆಗಳಿವೆ.

ಗೋರಿಯೂ ಕಾಣದೆ, ಹೆಸರೂ ಇಲ್ಲದೆ ಹೋದವರ ಕಥೆಯೊಂದು ನ್ಯೂಯಾರ್ಕಿನಲ್ಲಿದೆ. 1697ರಲ್ಲಿ ಅಲ್ಲಿನ ಟ್ರಿನಿಟಿ ಚರ್ಚು ತನ್ನ ಅಂಗಳದಲ್ಲಿ ಆಫ್ರಿಕಾದವರನ್ನು ಹೂಳಕೂಡದೆಂದು ಕಟ್ಟುಮಾಡಿತು. ಊರಾಚೆಯ ಸುಮಾರು ಆರು ಎಕರೆ ಜಾಗ ಅವರ ಮಸಣವಾಯಿತು. ಅಲ್ಲಿಯೂ ಕಟ್ಟಳೆ ಬಿಡಲಿಲ್ಲ. 1722ರ ಕಾನೂನು ರಾತ್ರಿ ಹೂಳುವುದನ್ನು ನಿಷೇಧಿಸಿತು. 1731ರದು ಹೆಣದ ಹಿಂದೆ 12 ಜನಕ್ಕಿಂತ ಹೆಚ್ಚು ಹೋಗಕೂಡದು ಎಂದಿತು. ವೈದ್ಯ ವಿದ್ಯಾರ್ಥಿಗಳು ಕೊಯ್ದು ಕಲಿಯಲು ಹೆಣಗಳನ್ನೇ ಕದ್ದೊಯ್ಯುತ್ತಿದ್ದರು; 1788ರಲ್ಲಿ ಇಂಥ ಕಳವಿನಿಂದಲೇ ಊರಿನಲ್ಲಿ ದೊಂಬಿಯಾಯಿತು. 1790ರ ದಶಕದಲ್ಲಿ ಮಸಣ ಮುಚ್ಚಿತು, ಮೇಲೆ ಮಣ್ಣು ತುಂಬಿ ನಗರ ಬೆಳೆಯಿತು. ಇಡೀ ಜಾಗದಲ್ಲಿ ಸುಮಾರು 15,000 ಜನರನ್ನು ಹೂಳಿದ್ದಿರಬಹುದೆಂಬುದು ಅಂದಾಜು.

1991ರಲ್ಲಿ ಅದೇ ಜಾಗದಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಕಚೇರಿಗೆ ಪಾಯ ತೋಡುವಾಗ ಎಲುಬುಗಳು ಎದ್ದವು. ಒಟ್ಟು 419 ಜನರ ಅವಶೇಷಗಳನ್ನು ಹೊರತೆಗೆದರು. ಅರ್ಧದಷ್ಟು ಮಕ್ಕಳು. ಹೆಂಗಸೊಬ್ಬಳ ಸೊಂಟದ ಸುತ್ತ ಮಣಿಸರ ಹಾಗೆಯೇ ಇತ್ತು. ಹಲ್ಲುಗಳನ್ನು ಆಫ್ರಿಕಾದ ರೂಢಿಯಂತೆ ಉಜ್ಜಿ ಚೂಪು ಮಾಡಿದ್ದರು. ಎಷ್ಟೋ ಮೂಳೆಗಳಲ್ಲಿ ಮೀರಿದ ಭಾರ ಹೊತ್ತ ಗುರುತುಗಳಿದ್ದವು. ಕಪ್ಪು ಜನ ಬೀದಿಗಿಳಿದು ಪ್ರತಿಭಟಿಸಿದರು. ಮರುವರ್ಷ ಆ ಭಾಗದ ಕಾಮಗಾರಿ ನಿಂತಿತು, ಅಧ್ಯಯನ ಹಾವರ್ಡ್ ವಿಶ್ವವಿದ್ಯಾಲಯದ ಮೈಕೆಲ್ ಬ್ಲೇಕಿ ಅವರ ತಂಡಕ್ಕೆ ಹೋಯಿತು. 2003ರ ಅಕ್ಟೋಬರಿನಲ್ಲಿ ಘಾನಾದಲ್ಲಿ ಕೆತ್ತಿಸಿದ ಮರದ ಪೆಟ್ಟಿಗೆಗಳಲ್ಲಿಟ್ಟು ಎಲ್ಲರನ್ನೂ ಅದೇ ನೆಲಕ್ಕೆ ಮರಳಿಸಿದರು. 2006ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು.

ಅದೇ 2003ರ ಜನವರಿಯಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಧಾರವಾಡ, ಬೆಳಗಾವಿಯವರ ಸರದಿ ಬಂದದ್ದು 2020ರಲ್ಲಿ. ಸಿದ್ದಿ ಸಮುದಾಯದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದೂ ಅದೇ ವರ್ಷ. ಬದುಕಿರುವವರಿಗೆ ಸಲ್ಲಬೇಕಾದದ್ದು ತಡವಾಗಿಯಾದರೂ ಸಲ್ಲತೊಡಗಿದೆ. ಸತ್ತವರ ಬಾಬ್ತು ಇನ್ನೂ ಬಾಕಿ.

ನ್ಯೂಯಾರ್ಕಿನಲ್ಲಿ ಬೀದಿಗಿಳಿದವರಲ್ಲಿ ಯಾರಿಗೂ ಆ 419 ಜನರಲ್ಲಿ ಇಂಥವನು ನನ್ನ ಮುತ್ತಜ್ಜ ಎಂದು ತೋರಿಸಲು ಕಾಗದವಿರಲಿಲ್ಲ. ಆದರೂ ತಮ್ಮನ್ನು ವಂಶಸ್ಥರೆಂದು ಕರೆದುಕೊಂಡರು, ವಿಜ್ಞಾನಿಗಳೂ ಸರ್ಕಾರವೂ ಅವರನ್ನು ಹಾಗೆಯೇ ನಡೆಸಿಕೊಂಡವು. ಹೊಣೆ ಹೊತ್ತವರೇ ಅಲ್ಲಿ ವಾರಸುದಾರರಾದರು. ವಿಜಯಪುರದ ಹಬ್ಶಿ ಗೋರಿಗಳಿಗೂ ರಕ್ತಸಂಬಂಧದ ದಾಖಲೆ ಹುಡುಕುತ್ತ ಕೂತರೆ ಯಾರೂ ಸಿಗುವುದಿಲ್ಲ. ಯಾಕೂತ್ ಬರೆಸಿದ ಗೋಡೆ, ಸಂದಲ್ ಮುಗಿಸಿದ ರೋಜಾ ನಮ್ಮವು ಎಂದು ಹೆಮ್ಮೆಪಡುವ ಕನ್ನಡಿಗರಿಗೆ ಅವರ ಗೋರಿಗಳೂ ನಮ್ಮವೇ ಆಗಬೇಕು. ಶಾಲಾ ಪ್ರವಾಸದ ಬಸ್ಸು ಗೋಳಗುಮ್ಮಟದಿಂದ ಹೊರಟು ಇಖ್ಲಾಸ್ ಖಾನನ ಗೋರಿಯ ಮುಂದೆಯೂ ಅರ್ಧ ಗಂಟೆ ನಿಂತು, ಇವನು ಎಲ್ಲಿಂದ, ಯಾರ ಕೈಯಿಂದ, ಹೇಗೆ ಬಂದ ಎಂದು ಮೇಷ್ಟ್ರು ಹೇಳಿದರೆ ಈ ಲೆಕ್ಕದ ಮೊದಲ ಕಂತು ಸಂದಂತೆ.